ಅನೀಸನ ಗೋರಿಯ ತಾಮ್ರ

ಬೈರೂತ್, 9 ನವೆಂಬರ್ 1916

ರಾಹೀಲಕ್ಕಾ,

ಕ್ಷಮಿಸು. ಸತ್ತವನು ಕಾಗದ ಬರೆಯಬಾರದು ಎಂಬುದು ನನಗೂ ಗೊತ್ತು. ಆದರೆ ನಾನು ಸತ್ತ ಸುದ್ದಿ ನಿನ್ನೆಯಷ್ಟೇ ನನಗೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನ ಗೇಟಿನ ಹತ್ತಿರ ನಮ್ಮೂರಿನ ಹೇಸರಗತ್ತೆಯ ಷಾಹೀನ್ ನಿಂತಿದ್ದ. ನನ್ನನ್ನು ಕಂಡವನೇ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ನಿನ್ನ ಹೆಣಾನ ಬೆಟ್ಟ ಹತ್ತಿಸಿದ್ದು ನಾನೇ ಮಾರಾಯ. ಏನು ಭಾರ ಇದ್ಯೋ ನೀನು, ನನ್ನ ಹೇಸರಗತ್ತೆ ಇನ್ನೂ ಕುಂಟ್ತಾ ಇದೆ" ಎಂದ. ಏನು ಎತ್ತ ಎಂದು ಕೇಳಿದರೆ, "ನನ್ನ ಬಾಯಿ ಬಿಡಿಸ್ಬೇಡ. ಬರೆದು ಕೊಡು, ನಿಮ್ಮಕ್ಕನೇ ಹೇಳ್ತಾಳೆ" ಎಂದು ಬೆನ್ನು ತಿರುಗಿಸಿದ.

ರಾತ್ರಿಯಿಡೀ ಯೋಚಿಸಿದೆ. ಮನೆತನಕ್ಕೆ ಬೇಡವಾದ ಮಗನನ್ನು ಸತ್ತನೆಂದು ಸಾರಿ ಕೈತೊಳೆದುಕೊಳ್ಳುವುದು ನಮ್ಮ ಬೆಟ್ಟದಲ್ಲಿ ಹೊಸದಲ್ಲ. ಕಳೆದ ಬೇಸಿಗೆಯಲ್ಲಿ ಅಪ್ಪ ಕಲಾಯಿ ಕೆಲಸಕ್ಕೆ ಜೊತೆಗೆ ಬಾ ಅಂದಾಗ ಓದುವುದಿದೆ ಎಂದು ಹಾಸ್ಟೆಲಿನಲ್ಲೇ ಉಳಿದೆನಲ್ಲ, ಅದಕ್ಕಾ? ಊರ ಹುಡುಗರು ನನ್ನನ್ನು ಅರ್ಧ ಇಂಗ್ಲಿಷಿನವನು ಅಂತ ಆಡಿಕೊಳ್ಳುವುದು ಅಪ್ಪನಿಗೂ ನಿಜ ಅನ್ನಿಸಿತಾ? ಏಳನೇ ವಯಸ್ಸಿಗೆ ಮಿಷನ್ ಹಾಸ್ಟೆಲಿಗೆ ಹಾಕಿದವನು ಅವನೇ. ಈಗ ನಾನು ಇಂಗ್ಲಿಷಿನಲ್ಲಿ ಕನಸು ಕಾಣುತ್ತೇನೆ ಎಂದರೆ ತಪ್ಪು ಯಾರದು?

ಕೋಪವಿದ್ದರೆ ಬೈದು ಬರೆ. ಆದರೆ ಬರೆ.

ಅನೀಸ್

---

ಐನ್ ಸಫ್ಸಾಫ್, 20 ನವೆಂಬರ್

ಅನೀಸ್, ನನ್ನ ಪೆದ್ದ ತಮ್ಮನೇ,

ಅಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ. ನಕ್ಕು ನಕ್ಕು ಕೆಮ್ಮು ಹತ್ತಿತು. "ನನ್ನ ಮಗ ಪುಸ್ತಕ ಎಷ್ಟಾದ್ರೂ ಓದ್ಲಿ, ಅವನ ತಲೆಗೆ ಇನ್ನೊಂದು ಸಲ ಕಲಾಯಿ ಹಾಕ್ಬೇಕು" ಅಂದ. ಯಾರೂ ನಿನ್ನನ್ನು ಬಿಟ್ಟಿಲ್ಲ. ಕೇಳು, ಓದಿದ ಮೇಲೆ ಇದನ್ನು ಸುಡು.

ಸುಲ್ತಾನನ ಸೈನ್ಯಕ್ಕೆ ಫಿರಂಗಿ ಎರಕ ಹೊಯ್ಯಲು ತಾಮ್ರ ಬೇಕಂತೆ. ಹೋದ ವರ್ಷ ಚರ್ಚಿನ ಗಂಟೆ ಇಳಿಸಿಕೊಂಡು ಹೋದರಲ್ಲ, ಈಗ ಅಡಿಗೆಮನೆಗೇ ಬಂದಿದ್ದಾರೆ. ಹಂಡೆ, ತಪ್ಪಲೆ, ಹರಿವಾಣ, ಮದುವೆಯಲ್ಲಿ ತವರಿನಿಂದ ಬಂದ ತಾಮ್ರ, ಯಾವುದನ್ನೂ ಬಿಡುವುದಿಲ್ಲ. ಕಫರ್ ತೂತಾ ಊರಿನ ಒಬ್ಬ ಮುದುಕಿ ಒಲೆಯ ಬೂದಿಯಲ್ಲಿ ಹಂಡೆ ಮುಚ್ಚಿಟ್ಟಿದ್ದಳು. ಅದೇ ಒಲೆಗೆ ಬೆಂಕಿ ಹಾಕಿಸಿ ಅವಳ ಎರಡೂ ಕೈ ಹಿಡಿದಿಟ್ಟರು. ಈಗ ಅವಳಿಗೆ ಸೊಸೆ ತುತ್ತು ಮಾಡಿ ತಿನ್ನಿಸುತ್ತಾಳೆ.

ಕೊಟ್ಟುಬಿಡೋಣ ಎಂದರೆ ಚಳಿಗಾಲಕ್ಕೆ ನಮ್ಮ ಗೋಧಿ ಇರುವುದೇ ಆ ತಾಮ್ರದಲ್ಲಿ. ಕಾಗದದ ದುಡ್ಡಿಗೆ ಯಾರೂ ಕಾಳು ಕೊಡುವುದಿಲ್ಲ. ಹೌರಾನಿನ ಗೋಧಿ ವ್ಯಾಪಾರಿ ತಾಮ್ರಕ್ಕೆ ಮಾತ್ರ ಕೊಡುತ್ತಾನೆ. ಯಾವ ಮನೆಯಲ್ಲಿ ಯಾವ ಪಾತ್ರೆ ಇದೆ ಎಂದು ಕಲಾಯಿ ಹಾಕುವ ಅಪ್ಪನಿಗಲ್ಲದೆ ಇನ್ನಾರಿಗೆ ಗೊತ್ತು? ಊರಿನವರು ಅವನ ಕಾಲು ಹಿಡಿದರು. ಅವನು ನಿನ್ನನ್ನು ಸಾಯಿಸಿದ.

ಬೈರೂತಿನಲ್ಲಿ ಚುಕ್ಕೆ ಜ್ವರ ಬಂದು ಸತ್ತೆಯಂತೆ. ಜ್ವರದ ಹೆಣ ಎಂದರೆ ಸಿಪಾಯಿಗಳೂ ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಾರೆ. ಷಾಹೀನನ ಹೇಸರಗತ್ತೆಯ ಮೇಲೆ ಡಾಂಬರು ಬಳಿದ ಪೆಟ್ಟಿಗೆ ಬಂತು. ಹಿಂದಿನ ರಾತ್ರಿ ಕೆಳಗಿನ ಸೇತುವೆಯ ಹತ್ತಿರ ತುಂಬಿಸಿದ್ದ ಊರಿನ ಚಿಕ್ಕ ಪಾತ್ರೆಗಳೆಲ್ಲ ಒಳಗಿದ್ದವು. ಗೋಧಿ ಬೇಯಿಸುವ ದೊಡ್ಡ ಕೊಪ್ಪರಿಗೆಯನ್ನು ಮೊದಲೇ ಗುಂಡಿಯಲ್ಲಿ ಕವುಚಿ ಮಣ್ಣು ಮುಚ್ಚಿದ್ದರು. ಅದರ ಮೇಲೆ ನೀನು. ಮದುವೆಯಾಗದ ಹುಡುಗನಲ್ಲವಾ, ಮದುಮಗನ ಹಾಡು ಹಾಡಿಯೇ ಕಳಿಸಿದೆವು. ಮಂತೂರಾ ಅತ್ತೆ ಹೇಗೆ ಅತ್ತಳು ಅಂತೀಯ, ನಿನ್ನ ಮೂಗನ್ನೂ ಹೊಗಳಿದಳು. ಪಾದ್ರಿ ಅಬೂನಾ ಮಾತ್ರ ಮಂತ್ರವನ್ನು ಅರ್ಧಕ್ಕೆ ನುಂಗಿದರು. "ದೇವರ ಹತ್ರ ಪೂರ್ತಿ ಸುಳ್ಳು ಹೇಳೋಕೆ ಆಗಲ್ಲ" ಅಂದರು.

ಇದರಲ್ಲಿ ನಿನಗೂ ಲಾಭವಿದೆ. ಸತ್ತವನನ್ನು ಸೈನ್ಯಕ್ಕೆ ಎಳೆಯುವುದಿಲ್ಲ. ನನ್ನ ಗಂಡನನ್ನು ಎಳೆದೊಯ್ದು ಎರಡು ವರ್ಷವಾಯಿತು, ಒಂದು ಸಾಲು ಸುದ್ದಿ ಇಲ್ಲ. ನಿನ್ನನ್ನೂ ಹಾಗೆ ಕಳೆದುಕೊಳ್ಳಲಾರೆ.

ಅದಕ್ಕೆ ನೀನು ಬರಕೂಡದು. ಯುದ್ಧ ಮುಗಿಯುವವರೆಗೆ ಏನೇ ಆಗಲಿ, ಯಾರೇ ಕರೆಯಲಿ. ಕಾಗದವನ್ನು ಷಾಹೀನನ ಕೈಗೇ ಕೊಡು, ಅಂಚೆಗೆ ಬೇಡ. ಕೆಳಗೆ ಅಪ್ಪ ಎಂದಿನಂತೆ ಮಸಿ ಬಳಿದ ಹೆಬ್ಬೆಟ್ಟು ಒತ್ತಿದ್ದಾನೆ.

ರಾಹೀಲ್

---

ಬೈರೂತ್, 4 ಡಿಸೆಂಬರ್

ಅಕ್ಕಾ,

ಕಾಗದ ಸುಟ್ಟೆ. ಅಪ್ಪನ ಹೆಬ್ಬೆಟ್ಟಿದ್ದ ಚೂರನ್ನು ಮಾತ್ರ ಹರಿದು ಇಟ್ಟುಕೊಂಡಿದ್ದೇನೆ, ಬೈಯಬೇಡ.

ಮನಸ್ಸು ಹಗುರವಾಯಿತು. ಸ್ವಲ್ಪ ಜಂಬವೂ ಆಯಿತು. ಯಾವ ಪರೀಕ್ಷೆಯಲ್ಲೂ ಮುಂದಿಲ್ಲದ ನಾನು ಸತ್ತು ಒಂದು ಊರಿನ ಹೊಟ್ಟೆ ಕಾಯುತ್ತಿದ್ದೇನೆ. ಮೊದಲನೇ ವರ್ಷದಲ್ಲಿ ಅರ್ಧ ಹುಡುಗರು ಫೇಲಾಗುತ್ತಾರಂತೆ. ನನಗೆ ಲೆಕ್ಕದ ಪಾಠವೆಂದರೆ ಕೈ ಬೆವರುತ್ತದೆ.

ಇಲ್ಲಿ ಬೆಳಗ್ಗೆ ಹೆಣದ ಗಾಡಿ ಬರುತ್ತದೆ. ನಿನ್ನೆ ಬೇಕರಿಯ ಮುಂದೆ ಕಿತ್ತಳೆ ಸಿಪ್ಪೆಗಾಗಿ ಇಬ್ಬರು ಕಚ್ಚಾಡಿದರು. ಒಬ್ಬ ಇನ್ನೊಬ್ಬನ ಕಣ್ಣಿಗೆ ಬೆರಳು ಹಾಕಿದ. ನಾನು ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ, ಬಿಡಿಸಲು ಹೋಗಲಿಲ್ಲ. ಬಂದರಿನಲ್ಲಿ ತಾಮ್ರದ ಗುಡ್ಡವೇ ಬಿದ್ದಿದೆ. ಸಿಪಾಯಿಗಳು ಸುತ್ತಿಗೆಯಿಂದ ಜಜ್ಜಿ ಜಜ್ಜಿ ಮೂಟೆ ಕಟ್ಟುತ್ತಾರೆ. ಹರಿವಾಣಗಳ ಅಂಚಿನಲ್ಲಿ ಹೆಂಗಸರ ಹೆಸರು ಕೊರೆದಿದ್ದು ಕಾಣುತ್ತದೆ. ನಾನು ಆ ರಸ್ತೆ ಬಿಟ್ಟಿದ್ದೇನೆ.

ಗೇಟಿನ ಮೇಲೆ ಅಮೆರಿಕದ ಬಾವುಟ ಇರುವವರೆಗೆ ಒಳಗೆ ಸಿಪಾಯಿ ಕಾಲಿಡುವುದಿಲ್ಲ. ಒಳಗೆ ನನಗೆ ಭಯವಿಲ್ಲ. ಆದರೆ ಕ್ರಿಸ್ಮಸ್ ರಜೆಗೆ ಎಲ್ಲರೂ ಊರಿಗೆ ಹೋಗುತ್ತಾರೆ. ಹಾಸ್ಟೆಲ್ ಖಾಲಿಯಾದಾಗ ಸತ್ತವನು ಎಲ್ಲಿಗೆ ಹೋಗಬೇಕು ಹೇಳು. ಒಂದು ದಿನ ಬಂದು ನಿಮ್ಮನ್ನು ನೋಡಿ ಬರಲಾ?

ಅನೀಸ್

---

ಐನ್ ಸಫ್ಸಾಫ್, 18 ಡಿಸೆಂಬರ್

ಅನೀಸ್,

ಬರಬೇಡ ಎಂದರೆ ಬರಬೇಡ. ನಿನಗೆ ಅರಬ್ಬಿ ಮರೆತುಹೋಗಿದೆಯಾ?

ಒಂದು ತಮಾಷೆ ನಡೆಯಿತು. ಹೊಸ ದಫೇದಾರ ಬಂದಿದ್ದಾನೆ, ಹಿಕ್ಮತ್ ಎಂದು ಹೆಸರು. ಹಮಾ ಕಡೆಯ ಹಳ್ಳಿಯವನು, ನಗುಮುಖ. ಹಳೆಯ ದಫೇದಾರ ಮೊದಲೇ ಹಿಂಡಿಕೊಂಡು ಹೋದದ್ದು ಸಾಲದೆಂದು ಇವನು ಮತ್ತೆ ಬಂದ. ಮನೆಗೆ ಬಂದು ನನ್ನ ಎದುರಿಗೇ ಕೂತ.

"ತಮ್ಮ ತೀರ್ಕೊಂಡು ಎಷ್ಟು ದಿನ ಆಯ್ತಮ್ಮ?"

"ತಿಂಗಳು ದಾಟಿತು ದಫೇದಾರರೇ."

"ಪಾಪ. ನಮ್ಮ ಕಡೆ ತಮ್ಮ ಹೋದ್ರೆ ಮನೆ ಹೆಂಗಸರು ಮೂರನೇ ದಿನಕ್ಕೆ ಇರೋ ಬರೋ ಬಟ್ಟೇನೆಲ್ಲ ಕಪ್ಪು ಬಣ್ಣದಲ್ಲಿ ಕುದಿಸ್ತಾರೆ. ನಿಮ್ಮ ಕಡೆ ಹಳದಿ ಹೂವಿನ ಲಂಗ ಉಡೋದಾ?"

ಸಿಕ್ಕಿಬಿದ್ದೆವು ಅಂದುಕೊಂಡೆ ಅನೀಸ್. ಇಡೀ ಊರು ಕೂತು ಯೋಚಿಸಿತ್ತು. ಡಾಂಬರು, ಮೊಳೆ, ಹಾಡು, ಅಳು, ಎಲ್ಲದರ ನೆನಪೂ ಇತ್ತು. ಬಟ್ಟೆಗೆ ಬಣ್ಣ ಹಾಕಲು ಕೊಪ್ಪರಿಗೆ ಬೇಕು, ಅದನ್ನೇ ಹೂತುಬಿಟ್ಟಿದ್ದೇವೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸತ್ತವರಿಗೆ ಅಳುವುದೇ ಕಸುಬಾದ ಮಂತೂರಾ ಅತ್ತೆಗೂ ಹೊಳೆಯಲಿಲ್ಲ.

"ಬಟ್ಟೆ ಕುದಿಸೋ ಕೊಪ್ಪರಿಗೇನ ನಿಮ್ಮೋರೇ ಹೊತ್ಕೊಂಡು ಹೋದ್ರಲ್ಲ" ಅಂದೆ. "ಮಣ್ಣಿನ ಮಡಕೇಲಿ ಅದ್ದಿದ್ರೆ ಬಣ್ಣ ಹಿಡಿಯುತ್ತಾ? ಕೊಪ್ಪರಿಗೆ ವಾಪಸ್ ಕೊಡಿ, ಇವತ್ತೇ ಕಪ್ಪಗಾಗ್ತೀನಿ."

ಅವನು ತೊಡೆ ತಟ್ಟಿ ನಕ್ಕ. "ಮಾತಾಡೋದು ಕಲಿತಿದ್ದಾಳೆ ಕಲಾಯಿ ಜಿರ್ಯೂಸನ ಮಗಳು" ಅಂದ. ಹೋಗುವಾಗ ಎದ್ದು ನಿಲ್ಲಲಿಲ್ಲವೆಂದು ಚಾವಟಿಯ ಹಿಡಿಯಿಂದ ಅಪ್ಪನ ಬಾಯಿಗೆ ಒಂದು ಕೊಟ್ಟ. ತುಟಿ ಸ್ವಲ್ಪ ಒಡೆದಿದೆ, ಅಷ್ಟೆ. ಎರಡು ಹಲ್ಲು ಹೇಗೂ ಅಲ್ಲಾಡುತ್ತಿದ್ದವು.

ಎಲ್ಲ ಸರಿಯಿದೆ. ಅಪ್ಪನ ಹೆಬ್ಬೆಟ್ಟು ಕೆಳಗಿದೆ. ಲೆಕ್ಕ ಓದು.

ರಾಹೀಲ್

---

ಬೈರೂತ್, 25 ಜನವರಿ 1917

ಅಕ್ಕಾ,

ನಿನ್ನ ಕಾಗದ ಬಂದ ಮೇಲೆ ಇದು ನಾನು ಬರೆಯುತ್ತಿರುವ ಮೂರನೇ ಕಾಗದ. ಮೊದಲ ಎರಡು ಇಲ್ಲೇ ನನ್ನ ಹಾಸಿಗೆಯಡಿ ಇವೆ, ಷಾಹೀನ್ ಬಂದಿಲ್ಲ. ದಿನಾ ಗೇಟಿನವರೆಗೆ ಹೋಗಿ ನೋಡುತ್ತೇನೆ. ಬೆಟ್ಟದಲ್ಲಿ ಹಿಮ ಬಿದ್ದು ದಾರಿ ಮುಚ್ಚಿರಬೇಕು ಎಂದು ವಾರ್ಡನ್ ಹೇಳುತ್ತಾರೆ. ಇರಬಹುದು.

ಲೆಕ್ಕದಲ್ಲಿ ಪಾಸಾದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬಾವುಟವನ್ನೂ ಇನ್ನು ಸ್ವಲ್ಪ ದಿನದಲ್ಲಿ ಇಳಿಸಬೇಕಾಗುತ್ತದೆ, ಅಮೆರಿಕವೂ ಯುದ್ಧಕ್ಕೆ ಇಳಿಯುತ್ತದೆ ಎನ್ನುತ್ತಾರೆ. ಆಮೇಲೆ ನಮ್ಮನ್ನು ಏನು ಮಾಡುತ್ತಾರೋ.

ಕಫರ್ ತೂತಾ ಊರಿನ ಆ ಮುದುಕಿಯ ಕೈಗಳು ಕನಸಿನಲ್ಲಿ ಬರುತ್ತವೆ. ಈಗ ಕನಸು ಅರಬ್ಬಿಯಲ್ಲೇ ಬೀಳುತ್ತಿದೆ.

ಮನೆಯಲ್ಲಿ ಎಲ್ಲರೂ ಇದ್ದೀರಿ ಎಂದಷ್ಟೇ ಬರೆ. ಬೇರೆ ದಾರಿಯಿಲ್ಲದೆ ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಹೆಸರು ಹಾಕಿಲ್ಲ.

---

ಐನ್ ಸಫ್ಸಾಫ್, 20 ಫೆಬ್ರವರಿ

ಪ್ರೀತಿಯ ಸಹೋದರನಾದ ಅನೀಸ್ ಜಿರ್ಯೂಸನಿಗೆ,

ನಿನ್ನ ಪತ್ರ ತಲುಪಿ ಸಂತೋಷವಾಯಿತು. ಇಲ್ಲಿ ನಾವೆಲ್ಲರೂ ಕ್ಷೇಮ. ತಾಮ್ರದ ವಿಷಯ ಮುಗಿದಿದೆ, ಇನ್ನು ಯಾವ ತೊಂದರೆಯೂ ಇಲ್ಲ. ಸರ್ಕಾರದವರು ದಯಾಳುಗಳು. ನೀನು ಸತ್ತೆ ಎಂಬ ಸುಳ್ಳಿಗೂ ಕ್ಷಮೆ ಸಿಕ್ಕಿದೆ.

ಅಪ್ಪ ನಿನ್ನನ್ನು ನೋಡಲು ಹಂಬಲಿಸುತ್ತಿದ್ದಾನೆ. ಅಮ್ಮನೂ ದಿನಾ ನಿನ್ನನ್ನು ಕೇಳುತ್ತಾಳೆ. ಈಸ್ಟರ್ ಹಬ್ಬಕ್ಕೆ ತಪ್ಪದೆ ಬಾ. ಯಾವ ದಿನ, ಯಾವ ದಾರಿಯಲ್ಲಿ ಬರುವೆ ಎಂದು ಮುಂಚಿತವಾಗಿ ತಿಳಿಸು. ಎದುರುಗೊಳ್ಳಲು ಬರುತ್ತೇವೆ.

ರಾಹೀಲ್

---

ಬೈರೂತ್, 3 ಮಾರ್ಚ್

ಅಕ್ಕಾ,

ಸರ್ಕಾರಿ ಅಂಚೆಯ ಮುದ್ರೆ ನೋಡಿ ಮೊದಲು ಒಡೆಯದೆ ಜೇಬಿನಲ್ಲಿ ಇಟ್ಟುಕೊಂಡೆ. ಓದಿದ ಮೇಲೆ ಹಾಸ್ಟೆಲಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಬಾ ಎನ್ನುವ ಮಾತನ್ನು ಇಷ್ಟು ವರ್ಷದಲ್ಲಿ ನೀವು ಯಾರಾದರೂ ಬರೆದದ್ದು ನನಗೆ ನೆನಪಿಲ್ಲ. ರಜೆ ಮುಗಿಯಿತು, ಹೊರಡು ಎಂದು ಬರೆಯುತ್ತಿದ್ದಿರಿ.

ಅಮ್ಮನೂ ಕೇಳುತ್ತಾಳೆ ಎಂದಿದ್ದೀಯ. ಅದು ನನಗೆ ಅರ್ಥವಾಯಿತು ಅಕ್ಕಾ. ಚಳಿಗಾಲದಲ್ಲಿ ಹಸಿದು ಒಬ್ಬಳೇ ಅಮ್ಮನ ಗೋರಿಯ ಹತ್ತಿರ ಕೂತು ಮಾತಾಡುತ್ತೀಯ. ಇಲ್ಲಿಯೂ ಹಸಿದವರು ಸತ್ತವರ ಜೊತೆ ಮಾತಾಡುವುದನ್ನು ನೋಡಿದ್ದೇನೆ. ನಾನು ಬಂದರೆ ನಿನಗೆ ಸರಿಹೋಗುತ್ತದೆ. ಹಾಸ್ಟೆಲಿನ ರೊಟ್ಟಿಯಲ್ಲಿ ದಿನಾ ಅರ್ಧ ಒಣಗಿಸಿ ಚೀಲದಲ್ಲಿ ಇಡುತ್ತಿದ್ದೇನೆ.

ಭಾಷೆ ಮಾತ್ರ ಅರ್ಜಿಯ ಹಾಗಿದೆ. ಅಂಚೆಯವರು ಓದುತ್ತಾರೆಂದು ಹಾಗೆ ಬರೆದೆಯೇನೋ. ಷಾಹೀನ್ ಎಲ್ಲಿ? ಅವನ ಹೇಸರಗತ್ತೆಯನ್ನೂ ಸೈನ್ಯಕ್ಕೆ ಹಿಡಿದರಾ?

ಇನ್ನೊಂದು ಮಾತು. ಕೆಳಗೆ ಅಪ್ಪನ ಹೆಬ್ಬೆಟ್ಟಿಲ್ಲ. ನನ್ನ ಮೇಲೆ ಮುನಿಸಿದೆಯಾ? ಅವನು ಒತ್ತಿ ಕಳಿಸಿದರೆ ನಾನು ಹೊರಡುತ್ತೇನೆ.

ಅನೀಸ್

---

ಐನ್ ಸಫ್ಸಾಫ್, 14 ಮಾರ್ಚ್

ಪ್ರೀತಿಯ ಸಹೋದರನಿಗೆ,

ಅಪ್ಪನಿಗೆ ಮುನಿಸಿಲ್ಲ. ಕೆಳಗೆ ಹೆಬ್ಬೆಟ್ಟು ಒತ್ತಿದ್ದಾನೆ. ನೋಡಿಕೋ.

ದಿನ ತಿಳಿಸು. ದಾರಿ ತಿಳಿಸು. ಯಾರನ್ನೂ ಜೊತೆಗೆ ಕರೆತರಬೇಡ.

ರಾಹೀಲ್

---

ಬೈರೂತ್, 22 ಮಾರ್ಚ್

ಅಕ್ಕಾ,

ಹಳೆಯ ಚೂರಿನ ಪಕ್ಕದಲ್ಲಿ ಹೊಸ ಹೆಬ್ಬೆಟ್ಟನ್ನು ಇಟ್ಟು ನೋಡಿದೆ. ಈಗಿನದು ಅಗಲವಾಗಿದೆ. ಅಪ್ಪನಿಗೆ ಮೈ ಬಂದಿರಬೇಕು, ಗೋಧಿ ಸಿಗುತ್ತಿದೆ ಎಂದಾಯಿತು. ಎಷ್ಟು ಸಮಾಧಾನವಾಯಿತು ಎಂದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ವಾರ್ಡನ್ ರಜೆ ಕೊಟ್ಟಿದ್ದಾರೆ. "ನಿನ್ನ ಅಕ್ಕನ ಕೈಬರಹವೇ ಹೌದಾ?" ಎಂದು ಕೇಳಿದರು. ಹೌದು ಎಂದೆ. ಅಕ್ಷರ ನಿನ್ನದೇ. ಹಬ್ಬದ ವಾರದಲ್ಲಿ ಬರುತ್ತೇನೆ. ದಿನ ಮತ್ತು ದಾರಿಯನ್ನು ಮುಂದಿನ ಕಾಗದದಲ್ಲಿ ಬರೆಯುತ್ತೇನೆ, ಹೊರಡುವ ಗುಂಪು ಇನ್ನೂ ನಿರ್ಧಾರವಾಗಿಲ್ಲ. ಯಾರನ್ನೂ ಕರೆತರಬೇಡ ಎಂದಿದ್ದೀಯ, ಸರಿ, ಸೇತುವೆಯಿಂದ ಆಚೆಗೆ ಒಬ್ಬನೇ ನಡೆಯುತ್ತೇನೆ.

ಅಪ್ಪನ ಜೊತೆ ಈ ಸಲ ಕಲಾಯಿ ಕೆಲಸಕ್ಕೆ ಹೋಗುತ್ತೇನೆ ಎಂದು ಅವನಿಗೆ ಹೇಳು.

ಅನೀಸ್

---

ಐನ್ ಸಫ್ಸಾಫ್, 29 ಮಾರ್ಚ್

ಅನೀಸ್,

ಇದನ್ನು ತಂದವಳು ಷಾಹೀನನ ಹೆಂಡತಿ ಬದ್ರಿಯಾ. ಅವಳಿಗೆ ಮೊದಲು ತಿನ್ನಲು ಕೊಡು, ಆಮೇಲೆ ಓದು. ಆಡಿನ ಕೊಟ್ಟಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ದಫೇದಾರ ಹಿಕ್ಮತ್ ಮನೆಯೊಳಗೆ ಮಲಗಿದ್ದಾನೆ.

ಹನ್ನೆರಡು ವರ್ಷದ ಹಿಂದೆ ಸತ್ತ ಅಮ್ಮ ಕರೆಯುತ್ತಾಳೆ ಎಂದು ಬರೆದೆ. ಅದಕ್ಕಿಂತ ಹೆಚ್ಚು ನಾನು ಹೇಗೆ ಕೂಗಲಿ? ನಿನಗೆ ಅಯ್ಯೋ ಪಾಪ ಅನ್ನಿಸಿತು. ಹಿಕ್ಮತ್ ನಿನ್ನ ಕಾಗದವನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದ. ಅಮ್ಮನ ಗೋರಿಯ ಮಾತು ಬಂದಾಗ ನಾನು ಮಾಡಿದ್ದು ಅವನಿಗೆ ಗೊತ್ತಾಯಿತು. ನನ್ನ ಎಡಗೈಯ ಎರಡು ಬೆರಳು ಮುರಿದ. "ಬಲಗೈ ಬರೆಯೋಕೆ ಬೇಕು" ಅಂದ.

ಈಗ ಎಲ್ಲವನ್ನೂ ಕೇಳು. ಹೊಸ ವರ್ಷ ಕಳೆದು ಎರಡನೇ ವಾರ ಅವನು ಗಾಡಿಯಲ್ಲಿ ಒಂದು ಕೊಪ್ಪರಿಗೆ ಹೇರಿಕೊಂಡು ಬಂದ. ಯಾವ ಊರಿನದೋ, ಯಾರ ಮನೆಯದೋ. ಅಂಗಳದಲ್ಲಿ ಇಳಿಸಿ, "ತಗೋಮ್ಮ, ಕೊಪ್ಪರಿಗೆ ಕೇಳಿದ್ಯಲ್ಲ, ಬಟ್ಟೆ ಕುದಿಸು" ಅಂದ. ಕುದಿಸಿದೆ. ನನ್ನ ಲಂಗ, ಅತ್ತೆಯ ಲಂಗ, ಊರ ಹೆಂಗಸರದ್ದೆಲ್ಲ. ಅವನು ಕಾಫಿ ಕುಡಿಯುತ್ತ ನೋಡುತ್ತಿದ್ದ. ಎಲ್ಲ ಕಪ್ಪಾದ ಮೇಲೆ ಎದ್ದು, "ಈಗ ಬಟ್ಟೆ ಸರಿಯಾಯ್ತು. ಹೆಣ ಇದೆಯಾ ನೋಡೋಣ" ಅಂದ.

ಅಗೆದರು. ಪೆಟ್ಟಿಗೆ ಒಡೆದರು. ತಪ್ಪಲೆಗಳು ಗಲಗಲ ಎಂದು ಉರುಳಿದವು. ಸಿಪಾಯಿಗಳು ನಕ್ಕರು, ಅವನೂ ನಕ್ಕ. ಅಪ್ಪನನ್ನು ಮಂಡಿಯೂರಿಸಿ, "ತಾಮ್ರ ಸಿಕ್ತು. ಹುಡುಗ ಎಲ್ಲಿ?" ಅಂದ. ಅಪ್ಪ, "ಸತ್ತ" ಅಂದ. ಬಂದೂಕಿನ ಹಿಂಬದಿಯಿಂದ ಹೊಡೆದ. "ಎಲ್ಲಿ?" "ಸತ್ತ." ಮತ್ತೆ ಹೊಡೆದ. ದವಡೆ ಜಾರಿದ ಮೇಲೂ ಅಪ್ಪ ಬೇರೆ ಮಾತು ಆಡಲಿಲ್ಲ. ಕೊನೆಗೆ ಹಿಕ್ಮತ್ ಅಬೂನಾರ ಕಡೆ ತಿರುಗಿ, "ಪಾದ್ರಿಗಳೇ, ಒಂದು ಸಲ ತೋಡಿದ ಗುಂಡೀನ ಖಾಲಿ ಮುಚ್ಚೋದು ಅಪಶಕುನ ಅಲ್ವಾ?" ಎಂದು ಕೇಳಿದ. ಅಬೂನಾ ಬಾಯಿ ತೆರೆಯುವುದರೊಳಗೆ ಅಪ್ಪನ ಕಿವಿಯ ಹಿಂದೆ ಗುಂಡು ಹೊಡೆದ. ಅದೇ ಪೆಟ್ಟಿಗೆಯಲ್ಲಿ ಹಾಕಿಸಿದ. ಡಾಂಬರು ಬಳಿಯಲಿಲ್ಲ. ಶಿಲುಬೆಯ ಮೇಲೆ ಇನ್ನೂ ನಿನ್ನ ಹೆಸರಿದೆ, ಬದಲಾಯಿಸಲು ಬಿಡಲಿಲ್ಲ.

ಷಾಹೀನನನ್ನು ಸೇತುವೆಯ ಹತ್ತಿರ ಹಿಪ್ಪುನೇರಳೆ ಮರಕ್ಕೆ ನೇತುಹಾಕಿದರು, ಪೆಟ್ಟಿಗೆ ಹೊತ್ತದ್ದಕ್ಕೆ. ಒಂದು ವಾರ ಇಳಿಸಲು ಬಿಡಲಿಲ್ಲ. ಬದ್ರಿಯಾ ದಿನಾ ಹೋಗಿ ಕಾಗೆ ಓಡಿಸಿದಳು.

ನೀನು ಹೆಸರಿಲ್ಲದೆ ಅಂಚೆಗೆ ಹಾಕಿದ ಕಾಗದ ನೇರ ಹಿಕ್ಮತನ ಕೈಗೆ ಬಿತ್ತು. ಆಮೇಲಿನ ಕಾಗದಗಳೆಲ್ಲ ಅವನ ಬಾಯಿ, ನನ್ನ ಕೈ. ನೀನು ಅಗಲವಾಗಿದೆ ಎಂದು ಸಂತೋಷಪಟ್ಟ ಹೆಬ್ಬೆಟ್ಟು ಅವನದು. ಒಲೆಯ ಮಸಿ ಮುಟ್ಟಿ ಒತ್ತಿ, "ಅಪ್ಪ ಆಗೋದು ಎಷ್ಟು ಸುಲಭ ನೋಡು" ಅಂದ. ಕಾಲೇಜಿನ ಗೇಟು ಅವನು ದಾಟುವ ಹಾಗಿಲ್ಲ. ಬೈರೂತಿನ ಅಧಿಕಾರಿಗಳಿಗೆ ಹೇಳಿದರೆ ಓಡಿಹೋದವನನ್ನು ಹಿಡಿದ ಬಹುಮಾನ ಅವರ ಪಾಲಾಗುತ್ತದೆ. ಅದಕ್ಕೇ ಯಾರಿಗೂ ಹೇಳಿಲ್ಲ. ನಮ್ಮ ಮನೆಯಲ್ಲೇ ಠಿಕಾಣಿ ಹೂಡಿ, ನಮ್ಮ ಅಟ್ಟದ ಕೊನೆಯ ಅಂಜೂರ ತಿಂದು, ನಿನ್ನ ದಿನ ಮತ್ತು ದಾರಿಗಾಗಿ ಕಾಯುತ್ತಿದ್ದಾನೆ.

ಈಗ ನಾನು ಹೇಳಿದಷ್ಟು ಮಾಡು. ನೀನು ಬರಬೇಡ. ಅಪ್ಪನಿಗಾಗಿ ಬೇಡ, ನನಗಾಗಿಯೂ ಬೇಡ. ಕಾಲೇಜಿನ ಗೇಟು ದಾಟಬೇಡ. ಆದರೆ ಬರುತ್ತೇನೆ ಎಂದು ಬರೆ. ಹಬ್ಬದ ಹಿಂದಿನ ಶನಿವಾರ, ಹೊತ್ತು ಮುಳುಗುವಾಗ, ಸೇತುವೆಯ ದಾರಿಯಲ್ಲಿ, ಒಬ್ಬನೇ. ಹೆಸರು ಹಾಕಿ, ಸರ್ಕಾರಿ ಅಂಚೆಯಲ್ಲಿ, ಮನೆಗೇ ಕಳಿಸು. ಅವನು ಹಂಚಿಕೊಂಡು ತಿನ್ನುವವನಲ್ಲ. ಹೆಚ್ಚೆಂದರೆ ಒಬ್ಬ ಸಿಪಾಯಿಯನ್ನು ಕರೆದುಕೊಂಡು ಹೋಗುತ್ತಾನೆ. ಷಾಹೀನನ ಅಣ್ಣಂದಿರು ಇಬ್ಬರೂ ಸೈನ್ಯದಿಂದ ತಪ್ಪಿಸಿಕೊಂಡು ಮೇಲಿನ ಗುಹೆಯಲ್ಲಿದ್ದಾರೆ. ಅವರಿಗೆ ಬೇಕಾಗಿರುವುದು ಒಂದು ದಿನ, ಒಂದು ದಾರಿ.

ನಿನ್ನ ಸ್ವಭಾವ ನನಗೆ ಗೊತ್ತು. ಕೋಳಿ ಕೊಯ್ಯುವಾಗ ನೀನು ಓಡಿಹೋಗಿ ಅತ್ತೆಯ ಲಂಗದ ಹಿಂದೆ ಅವಿತುಕೊಳ್ಳುತ್ತಿದ್ದೆ. ಸುಳ್ಳು ಬರೆಯುವುದು ಪಾಪವೆಂದು ನಿನ್ನ ಹಾಸ್ಟೆಲಿನವರು ಕಲಿಸಿದ್ದಾರೆ. ಬರೆದ ಮೇಲೆ ನಿನಗೆ ಬಹಳ ದಿನ ನಿದ್ದೆ ಬರುವುದಿಲ್ಲ, ಅದೂ ಗೊತ್ತು. ಆದರೂ ಕೇಳುತ್ತಿದ್ದೇನೆ. ನೀನು ಬರೆಯದಿದ್ದರೆ ಅವನು ನನ್ನ ಬಲಗೈಗೂ ಬರುತ್ತಾನೆ, ಆಮೇಲೆ ಅತ್ತೆಗೆ.

ಬದ್ರಿಯಾಳ ಮುಂದೆಯೇ ಕೂತು ಬರೆ. ಅಂಚೆ ಬೆಟ್ಟ ಹತ್ತಲು ಆರೇಳು ದಿನ ಬೇಕು. ಬೇಗ ಉತ್ತರ ಬರೆ.

ರಾಹೀಲ್